ಫಾರ್ಮ್ಯಾಟ್ ಕೇಳ್ತಿದೆ ಕಣೋ!

“ಫಾರ್ಮ್ಯಾಟ್ ಕೇಳ್ತಿದೆ ಕಣೋ. ಒತ್ಬಿಡ್ಲಾ?”

ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಸೋದರಮಾವ. ಬೆರಳು ಆಗಲೇ ಮೌಸಿನ ಮೇಲಿದೆ ಎನ್ನುವುದು ದನಿಯಲ್ಲೇ ಗೊತ್ತಾಗುತ್ತಿತ್ತು. “ಬೇಡ ಮಾವ, ಕ್ಯಾನ್ಸಲ್ ಒತ್ತಿ. ಪೆನ್‌ಡ್ರೈವ್ ತೆಗೆದು ಜೇಬಿಗೆ ಹಾಕ್ಕೊಳ್ಳಿ. ನಾನೇ ಬರ್ತೀನಿ” ಎಂದೆ. ಅವರ ಷಷ್ಟ್ಯಬ್ದಿಯ ಫೋಟೊಗಳನ್ನು ಸ್ಟುಡಿಯೊದವರು ಆಲ್ಬಮ್ಮಿನ ಜೊತೆ ಒಂದು 32 ಜಿಬಿ ಪೆನ್‌ಡ್ರೈವಿನಲ್ಲೂ ಹಾಕಿ ಕೊಟ್ಟಿದ್ದರು. ಮೊಮ್ಮಗ ತನ್ನ ಮೊಬೈಲಿನ ಫೋಟೊಗಳನ್ನೂ ಅದಕ್ಕೇ ಸೇರಿಸಲು ಹೋಗಿದ್ದಾನೆ. ಪರದೆಯ ಮೇಲಿನ ಹಸಿರು ಪಟ್ಟಿ ತುಂಬಿತೋ ಇಲ್ಲವೋ, ಕಿತ್ತುಕೊಂಡು ಆಟಕ್ಕೆ ಓಡಿದ್ದಾನೆ. ಮರುದಿನ ಹಾಕಿದರೆ ಕಂಪ್ಯೂಟರ್ ಹೇಳುತ್ತದೆ: ಈ ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

ಎಷ್ಟು ವಿನಯದ ಪ್ರಶ್ನೆ! ಸರ್ಕಾರಿ ಕಚೇರಿಯಲ್ಲಿ ‘ಇಲ್ಲೊಂದು ಸಹಿ ಹಾಕಿ’ ಎಂದಷ್ಟೇ ಸಲೀಸು. ಹೂಂ ಅಂದವರು ಎಷ್ಟು ಮಂದಿಯೋ.

ಆ ಪ್ರಶ್ನೆಯ ಅರ್ಥ ತಿಳಿಯಲು ಪಹಣಿಯನ್ನು ನೆನೆಸಿಕೊಳ್ಳಿ. ಊರಿನಲ್ಲಿ ಜಮೀನು ಬೇರೆ, ಜಮೀನಿನ ದಾಖಲೆ ಬೇರೆ. ಯಾವ ಸರ್ವೆ ನಂಬರು ಯಾರದು, ಎಷ್ಟು ಗುಂಟೆ ಎನ್ನುವುದೆಲ್ಲ ದಾಖಲೆಯಲ್ಲಿದೆ. ಪೆನ್‌ಡ್ರೈವಿನಲ್ಲೂ ಹಾಗೆಯೇ. ಆರಂಭದ ಸ್ವಲ್ಪ ಜಾಗದಲ್ಲಿ ಒಂದು ದಾಖಲೆ ಪುಸ್ತಕ ಇರುತ್ತದೆ. ಯಾವ ಫೈಲು ಎಲ್ಲಿ ಶುರುವಾಗಿ, ಯಾವ ಯಾವ ತುಂಡುಗಳಲ್ಲಿ ಹರಡಿ, ಎಲ್ಲಿ ಮುಗಿಯುತ್ತದೆ ಎಂಬ ಲೆಕ್ಕ ಅದರಲ್ಲಿ. ಉಳಿದ ಅಷ್ಟೂ ಜಾಗ ಜಮೀನು. ಮೊಮ್ಮಗ ಕಿತ್ತ ಗಳಿಗೆಯಲ್ಲಿ ಕಂಪ್ಯೂಟರ್ ಈ ಪುಸ್ತಕವನ್ನು ತಿದ್ದುತ್ತಿತ್ತು. ಅರ್ಧ ಬರೆದ ಪುಟ ಓದಲಾಗದಂತಾಯಿತು. ಫೋಟೊಗಳೆಲ್ಲ ಇದ್ದಲ್ಲೇ ಇವೆ, ಪಹಣಿ ಹರಿದಿದೆ. ‘ಫಾರ್ಮ್ಯಾಟ್ ಮಾಡಲೇ?’ ಎಂದರೆ, ‘ಹಳೆಯ ಪುಸ್ತಕ ಓದಲಾಗುತ್ತಿಲ್ಲ, ಹೊಸ ಖಾಲಿ ಪುಸ್ತಕ ತೆರೆದು ಈ ಊರಲ್ಲಿ ಯಾರ ಜಮೀನೂ ಇಲ್ಲ ಎಂದು ಬರೆದುಬಿಡಲೇ?’ ಎಂದು ಕೇಳಿದಂತೆ.

ಈ ಫಾರ್ಮ್ಯಾಟ್ ಪೆಟ್ಟಿಗೆಗೂ ಒಂದು ಕತೆಯಿದೆ. ವಿಂಡೋಸಿನಲ್ಲಿ ನಾವು ನೋಡುವ, ಉದ್ದಕ್ಕೆ ಒಂದರ ಕೆಳಗೊಂದು ಆಯ್ಕೆಗಳನ್ನು ಜೋಡಿಸಿದ ಆ ಸಪ್ಪೆ ಕಿಟಕಿಯನ್ನು ರೂಪಿಸಿದವರು ಮೈಕ್ರೋಸಾಫ್ಟಿನಲ್ಲಿ ಎಂಜಿನಿಯರಾಗಿದ್ದ ಡೇವ್ ಪ್ಲಮರ್. 1994ರಲ್ಲಿ, ಮುಂದೆ ಯಾರಾದರೂ ಚೆಂದದ್ದೊಂದನ್ನು ಮಾಡುವವರೆಗೆ ಇರಲಿ ಎಂದು ತಾತ್ಕಾಲಿಕವಾಗಿ ಮಾಡಿದ್ದು ಅದು ಎಂದು ಅವರೇ ಹೇಳಿಕೊಂಡಿದ್ದಾರೆ. ಮೂವತ್ತು ವರ್ಷ ದಾಟಿದರೂ ಆ ‘ತಾತ್ಕಾಲಿಕ’ ಕದಲಿಲ್ಲ. ನಮ್ಮಲ್ಲಿ ತಾತ್ಕಾಲಿಕ ಬಸ್ ನಿಲ್ದಾಣಗಳು ಕದಲದ ಹಾಗೆ.

ಹಾಗಾದರೆ ಜಮೀನು ಎನ್ನುವುದು ಏನು? ಪೆನ್‌ಡ್ರೈವಿನ ಪ್ಲಾಸ್ಟಿಕ್ ಕವಚ ಬಿಚ್ಚಿದರೆ ಹಳೆಯ ಮಾದರಿಗಳಲ್ಲಿ ಎರಡು ಕರಿ ಚಿಪ್ಪುಗಳು ಕಾಣುತ್ತವೆ. ಒಂದು ನೆನಪಿನದು, ಇನ್ನೊಂದು ಅದರ ಮೇಸ್ತ್ರಿ, ಅಂದರೆ ಕಂಟ್ರೋಲರ್. ನೆನಪಿನ ಚಿಪ್ಪಿನಲ್ಲಿ ಕೋಟ್ಯಂತರ ಪುಟಾಣಿ ಕೋಶಗಳು. ಪ್ರತಿಯೊಂದರಲ್ಲೂ ನಾಲ್ಕೂ ಕಡೆ ಗೋಡೆ ಕಟ್ಟಿದ ಒಂದು ಗೂಡು, ಅದರೊಳಗೆ ಸಿಕ್ಕಿಹಾಕಿಕೊಂಡ ಎಲೆಕ್ಟ್ರಾನುಗಳು. ಕರೆಂಟ್ ತೆಗೆದರೂ ಅವು ಸುಲಭಕ್ಕೆ ಹೊರಗೆ ಬರಲಾರವು, ಆದ್ದರಿಂದ ನೆನಪು ಉಳಿಯುತ್ತದೆ. ಈ ಗೂಡಿನ ಉಪಾಯವನ್ನು 1967ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಡಾವನ್ ಕಾಂಗ್ ಮತ್ತು ಸೈಮನ್ ಝೀ ಕಂಡುಕೊಂಡರು. ಅದನ್ನು ಅಗ್ಗದ, ದಟ್ಟವಾದ ಸರಕಾಗಿಸಿದವರು ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕಾ, 1980ರ ದಶಕದಲ್ಲಿ. ಒಂದಿಡೀ ಭಾಗವನ್ನು ಒಮ್ಮೆಗೇ ಅಳಿಸುವ ಪರಿ ಸಹೋದ್ಯೋಗಿಯೊಬ್ಬರಿಗೆ ಕ್ಯಾಮೆರಾದ ಫ್ಲ್ಯಾಶ್ ನೆನಪಿಸಿತಂತೆ. ಹಾಗೆ ಬಂತು ‘ಫ್ಲ್ಯಾಶ್’ ಎಂಬ ಹೆಸರು.

ಈ ಒಮ್ಮೆಗೇ ಅಳಿಸುವ ಗುಣವೇ ಅದರ ಸೌಲಭ್ಯ, ಅದೇ ಅದರ ಪೀಡೆ. ಸ್ಲೇಟಿನ ಮೇಲೆ ಒಂದು ಕಾಗುಣಿತ ತಪ್ಪಿದರೆ ಬೆರಳಿಗೆ ಎಂಜಲು ಹಚ್ಚಿ ಅಷ್ಟನ್ನೇ ಒರೆಸುತ್ತಿದ್ದೆವಲ್ಲ, ಇಲ್ಲಿ ಅದು ಸಾಧ್ಯವಿಲ್ಲ. ಒಂದಕ್ಷರ ಬದಲಿಸಬೇಕಾದರೂ ಇಡೀ ಸ್ಲೇಟು ಒರೆಸಬೇಕು. ಹಾಗಾಗಿ ಮೇಸ್ತ್ರಿ ಒಂದು ಜಾಣತನ ಮಾಡುತ್ತಾನೆ. ಹೊಸದನ್ನು ಬೇರೊಂದು ಖಾಲಿ ಸ್ಲೇಟಿನಲ್ಲಿ ಬರೆದು, ಹಳೆಯದನ್ನು ಆಮೇಲೆ ಪುರುಸೊತ್ತಿನಲ್ಲಿ ಒರೆಸುತ್ತಾನೆ. ಒರೆಸಿದಷ್ಟೂ ಗೂಡಿನ ಗೋಡೆ ಸವೆಯುತ್ತದೆ. ಒಂದೇ ಸ್ಲೇಟು ಸವೆಯದಿರಲೆಂದು ಕೆಲಸವನ್ನು ಎಲ್ಲದರ ಮೇಲೂ ಹಂಚುತ್ತಾನೆ. ನೀವು ಕಿತ್ತ ಹೊತ್ತಿನಲ್ಲಿ ಈ ಸ್ಲೇಟು ಬದಲಾವಣೆ ನಡೆಯುತ್ತಿದ್ದರೆ ಮೇಸ್ತ್ರಿಯ ಸ್ವಂತ ಲೆಕ್ಕವೇ ತಪ್ಪಬಹುದು. ಅದು ಪಹಣಿ ಹರಿಯುವುದಕ್ಕಿಂತ ದೊಡ್ಡ ಅನಾಹುತ.

‘ಸೇಫ್ಲಿ ರಿಮೂವ್’ ಎಂಬ ಶಾಸ್ತ್ರಕ್ಕೆ ಕಾರಣ ಇದೇ. ಅದು ಬೇಕೇ ಬೇಕಾ ಎಂದು ಎಲ್ಲರೂ ಕೇಳುತ್ತಾರೆ. ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಮೈಕ್ರೋಸಾಫ್ಟ್ ನಿಯಮ ಸಡಿಲಿಸಿದೆ. ಬರೆಯಬೇಕಾದ್ದನ್ನು ಕಂಪ್ಯೂಟರ್ ತನ್ನಲ್ಲಿ ಕೂಡಿಟ್ಟುಕೊಳ್ಳದೆ ಆಗಿಂದಾಗಲೇ ಪೆನ್‌ಡ್ರೈವಿಗೆ ದಾಟಿಸುತ್ತದೆ. ಆದ್ದರಿಂದ ನಕಲು ಮುಗಿದು ಒಂದಿಷ್ಟು ಹೊತ್ತು ಸುಮ್ಮನಿದ್ದು ಕಿತ್ತರೆ ಸಾಮಾನ್ಯವಾಗಿ ಏನೂ ಆಗದು. ತೊಂದರೆ ಇರುವುದು ಆ ‘ಒಂದಿಷ್ಟು ಹೊತ್ತಿ’ನಲ್ಲಿ. ಪಟ್ಟಿ ತುಂಬುವುದು ಕಂಪ್ಯೂಟರಿನ ಲೆಕ್ಕದಲ್ಲಿ, ಒಳಗೆ ಮೇಸ್ತ್ರಿಯ ಕೆಲಸ ಇನ್ನೂ ನಡೆಯುತ್ತಿರಬಹುದು. ಮಿಣುಕು ದೀಪ ಇರುವ ಪೆನ್‌ಡ್ರೈವಾದರೆ ಅದು ನಿಲ್ಲುವ ತನಕ ಕಾಯಿರಿ. ಲಿನಕ್ಸ್ ಬಳಸುವವರಂತೂ ಎಜೆಕ್ಟ್ ಒತ್ತದೆ ಮುಟ್ಟಲೇಬಾರದು. ಅಲ್ಲಿ ನಕಲು ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿದಂತೆ ಕಾಣುತ್ತದೆ, ನಿಜವಾದ ಬರವಣಿಗೆ ಆಮೇಲೆ ನಿಮಿಷಗಟ್ಟಲೆ ನಡೆಯುತ್ತದೆ.

ಮಾವನ ಮನೆಗೆ ಹೋದೆನಲ್ಲ. ಮೊದಲು ಮಾಡಿದ್ದು ತೀರಾ ಸಾದಾ ಕೆಲಸ: ಪೆನ್‌ಡ್ರೈವನ್ನು ಸಿಪಿಯು ಡಬ್ಬಿಯ ಮುಂದಿನ ಕಿಂಡಿಯಿಂದ ತೆಗೆದು ಹಿಂದಿನ ಕಿಂಡಿಗೆ ಹಾಕಿದ್ದು. ಮುಂದಿನ ಕಿಂಡಿಗಳು ಒಳಗಿನ ಸಣ್ಣ ವೈರಿನ ಮೂಲಕ ಮದರ್‌ಬೋರ್ಡಿಗೆ ಹೋಗುತ್ತವೆ, ಧೂಳು ತಿಂದು ಸಡಿಲವಾಗಿರುತ್ತವೆ. ಹಿಂದಿನವು ನೇರ ಬೋರ್ಡಿನ ಮೇಲೇ ಕೂತಿರುತ್ತವೆ. ‘ಪೆನ್‌ಡ್ರೈವ್ ಹಾಳಾಗಿದೆ’ ಎಂಬ ದೂರುಗಳಲ್ಲಿ ಕೆಲವು ಇಷ್ಟಕ್ಕೇ ಮುಗಿಯುತ್ತವೆ. ಇನ್ನು ಕೆಲವೊಮ್ಮೆ ಡ್ರೈವ್ ಹಾಕಿದ ಸದ್ದು ಬರುತ್ತದೆ, ‘ದಿಸ್ ಪಿಸಿ’ಯಲ್ಲಿ ಮಾತ್ರ ಕಾಣುವುದಿಲ್ಲ. ಆಗ ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ನೋಡಬೇಕು. ಅಲ್ಲಿ ಡ್ರೈವ್ ಇದ್ದು ಅದಕ್ಕೆ ಅಕ್ಷರ ಮಾತ್ರ ಸಿಕ್ಕಿಲ್ಲವಾದರೆ, ಬಲ ಕ್ಲಿಕ್ ಮಾಡಿ ಒಂದು ಅಕ್ಷರ ಕೊಟ್ಟರೆ ಬಂದು ಕೂರುತ್ತದೆ.

ಕಿಂಡಿಯ ಮಾತು ಬಂದಾಗ ಇನ್ನೊಂದು. ಯುಎಸ್‌ಬಿಯನ್ನು ಮೊದಲ ಸಲಕ್ಕೇ ಸರಿಯಾಗಿ ತೂರಿಸಿದವರುಂಟೆ? ಹಾಕುತ್ತೇವೆ, ಹೋಗುವುದಿಲ್ಲ, ತಿರುಗಿಸುತ್ತೇವೆ, ಹೋಗುವುದಿಲ್ಲ, ಮತ್ತೆ ತಿರುಗಿಸಿದರೆ ಹೋಗುತ್ತದೆ. 1996ರಲ್ಲಿ ಬಂದ ಈ ವ್ಯವಸ್ಥೆಯ ಹಿಂದಿದ್ದ ಇಂಟೆಲ್ ತಂಡದ ಮುಂದಾಳು ಅಜಯ್ ಭಟ್, ಗುಜರಾತಿನ ವಡೋದರದವರು. ಎರಡೂ ಕಡೆಯಿಂದ ಹೋಗುವಂತೆ ಮಾಡಿದ್ದರೆ ವೈರುಗಳೂ ಖರ್ಚೂ ಇಮ್ಮಡಿಯಾಗುತ್ತಿದ್ದವು, ಆ ಖರ್ಚಿಗೆ ಯಾರೂ ಒಪ್ಪುತ್ತಿರಲಿಲ್ಲ ಎಂಬುದು ಅವರ ಸಮಜಾಯಿಷಿ. ಅದೇ ಪಿನ್ನಿನಲ್ಲಿ ಒಂದು ಜಾಣ್ಮೆಯೂ ಇದೆ. ನಾಲ್ಕು ತಗಡುಗಳಲ್ಲಿ ಅಂಚಿನ ಎರಡು ತುಸು ಉದ್ದ, ನಡುವಿನವು ಗಿಡ್ಡ. ಹಾಕುವಾಗ ಮೊದಲು ಕರೆಂಟು ತಗಲುತ್ತದೆ, ಆಮೇಲೆ ಮಾತುಕತೆ ಶುರು. ಕೀಳುವಾಗ ಮಾತು ಮೊದಲು ನಿಲ್ಲುತ್ತದೆ, ಕರೆಂಟು ಕೊನೆಗೆ.

ಪೆನ್‌ಡ್ರೈವನ್ನು ಮೊದಲು ಮಾಡಿದವರು ಯಾರು ಎಂಬುದು ಮಾತ್ರ ಬಗೆಹರಿಯದ ವ್ಯಾಜ್ಯ. ಇಸ್ರೇಲಿನ ಎಂ-ಸಿಸ್ಟಮ್ಸ್, ಸಿಂಗಪುರದ ಟ್ರೆಕ್, ಚೀನಾದ ನೆಟ್ಯಾಕ್ ಮೂವರೂ ಹಕ್ಕು ಹೂಡಿದವರೇ. 2000ರಲ್ಲಿ ಅಂಗಡಿಗೆ ಬಂದಾಗ ಅದರ ಹೊಟ್ಟೆ 8 ಎಂಬಿ. ಈಗ ಮೊಬೈಲಿನ ಒಂದೆರಡು ಫೋಟೊಗೇ ತುಂಬಿಹೋಗುವ ಜಾಗ. ಆದರೆ ಆಗಿನ ಫ್ಲಾಪಿಗಳಲ್ಲಿ ಐದಕ್ಕೂ ಹೆಚ್ಚು ಬೇಕಾಗುತ್ತಿತ್ತು ಅದಕ್ಕೆ.

ಹಿಂದಿನ ಕಿಂಡಿಗೂ ಮಾವನ ಪೆನ್‌ಡ್ರೈವ್ ಬಗ್ಗಲಿಲ್ಲ. ಆಗ ರಿಪೇರಿಗೆ ಕೈಹಾಕಬಾರದು, ಇದನ್ನು ಒತ್ತಿ ಹೇಳಬೇಕು. ವಿಂಡೋಸಿನ ‘ಚೆಕ್ ಡಿಸ್ಕ್’ ಒಳ್ಳೆಯ ಉಪಕರಣವೇ. ಅದರ ನಿಯತ್ತು ಮಾತ್ರ ದಾಖಲೆ ಪುಸ್ತಕಕ್ಕೆ, ನಿಮ್ಮ ಫೋಟೊಗಳಿಗಲ್ಲ. ಹೊಂದಿಕೆಯಾಗದ ಸಾಲುಗಳನ್ನು ಹೊಡೆದುಹಾಕಿ, ದಿಕ್ಕಿಲ್ಲದ ತುಂಡುಗಳನ್ನು ‘ಫೌಂಡ್’ ಎಂಬ ಫೋಲ್ಡರಿಗೆ ತುಂಬಿ, ಎಲ್ಲ ಸರಿಯಾಯಿತು ಎಂದು ಕೈತೊಳೆದುಕೊಳ್ಳುತ್ತದೆ. ಮೊದಲು ಒಳಗಿರುವುದನ್ನು ಹೊರಗೆ ತರಬೇಕು, ಆಮೇಲೆ ರಿಪೇರಿಯೋ ಫಾರ್ಮ್ಯಾಟೋ ಏನಾದರೂ ಆಗಲಿ.

ಹೊರಗೆ ತರಲು ನಾನು ಬಳಸಿದ್ದು ಫೋಟೋರೆಕ್, ಫ್ರಾನ್ಸಿನ ಕ್ರಿಸ್ತೋಫ್ ಗ್ರೆನಿಯೆ ಬರೆದ ಉಚಿತ ತಂತ್ರಾಂಶ. ನೋಡಲು ಚೆಂದವಿಲ್ಲ, ಕಪ್ಪು ಪರದೆ, ಬಿಳಿ ಅಕ್ಷರ. ಆದರೆ ಅದು ಕೆಟ್ಟುಹೋದ ಪುಸ್ತಕವನ್ನು ಕೇಳುವುದೇ ಇಲ್ಲ. ಹಳೆಯ ಕಾಲದ ಸರ್ವೆಯವರ ಹಾಗೆ ಸರಪಳಿ ಹಿಡಿದು ಜಮೀನಿನ ಈ ಮೂಲೆಯಿಂದ ಆ ಮೂಲೆಗೆ ನಡೆಯುತ್ತದೆ. ಜೆಪೆಗ್ ಫೋಟೊಗಳೆಲ್ಲ ಒಂದೇ ಬಗೆಯ ಬೈಟುಗಳಿಂದ ಶುರುವಾಗುತ್ತವೆ, ಪಿಡಿಎಫ್‌ಗೆ ಇನ್ನೊಂದು ಬಗೆಯ ಆರಂಭ. ಗಡಿಕಲ್ಲು ನೋಡಿ ಹೊಲ ಗುರುತಿಸಿದಂತೆ, ಆ ಆರಂಭ ಕಂಡಲ್ಲಿಂದ ಎತ್ತಿಕೊಳ್ಳುತ್ತದೆ. ಎತ್ತಿದ್ದನ್ನು ಅದೇ ಪೆನ್‌ಡ್ರೈವಿಗೆ ತುಂಬಬಾರದು, ಕಂಪ್ಯೂಟರಿನ ಡಿಸ್ಕಿಗೆ ಹಾಕಬೇಕು. ಇಲ್ಲದಿದ್ದರೆ ಇನ್ನೂ ಅಳೆಯದ ಹೊಲದ ಮೇಲೇ ಮಣ್ಣು ಸುರಿದಂತಾಗುತ್ತದೆ. ಹೆಸರು, ಫೋಲ್ಡರುಗಳು ಪುಸ್ತಕದ ಜೊತೆಗೇ ಹೋದವು. ಸಿಕ್ಕ ಫೈಲುಗಳಿಗೆಲ್ಲ ಬರೀ ಅಂಕಿಗಳ ಹೆಸರು.

ಊಟ ಮುಗಿಸಿ ಬರುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಫೋಟೊ. ಮಾವ ಕನ್ನಡಕ ಏರಿಸಿಕೊಂಡು ಕೂತರು. ಕಲಶ, ಹೋಮ, ಆರತಿ, ಪಂಕ್ತಿಯ ಊಟ, ಮತ್ತೆ ಕಲಶ. ನಡುವೆ ಇದ್ದಕ್ಕಿದ್ದಂತೆ ಒಂದು ತೊಟ್ಟಿಲು! ಹೂವಿನ ಅಲಂಕಾರ, ನಿದ್ದೆಗಣ್ಣಿನ ಮಗು, ಸುತ್ತ ನಗುವ ಹೆಂಗಸರು. “ಇದ್ಯಾರ್ದೋ ನಾಮಕರಣ? ನಮ್ಮೋರಲ್ವಲ್ಲ!” ಎಂದರು ಅತ್ತೆ. ಅದರ ಹಿಂದೆಯೇ ನಲವತ್ತು-ಐವತ್ತು ಫೋಟೊ, ಒಬ್ಬರ ಗುರುತೂ ಇಲ್ಲ.

ಸ್ಟುಡಿಯೊದವರು ಹಳೆಯ ಪೆನ್‌ಡ್ರೈವನ್ನೇ ಅಳಿಸಿ ನಮಗೆ ದಾಟಿಸಿದ್ದರು. ಅಳಿಸಿದೆವು ಎಂದು ಅವರು ನಿಜವಾಗಿಯೂ ನಂಬಿದ್ದಿರಬೇಕು. ಆದರೆ ಡಿಲೀಟ್ ಎಂದರೆ ಪುಸ್ತಕದಲ್ಲಿ ಆ ಫೈಲಿನ ಸಾಲಿಗೆ ಒಂದು ಗುರುತು ಬೀಳುತ್ತದೆ, ಅಷ್ಟೇ: ಈ ಜಾಗ ಯಾರಿಗಾದರೂ ಕೊಡಬಹುದು. ಬೇರೆಯವರು ಬಂದು ಉಳುವ ತನಕ ಹಳೆಯ ಬೆಳೆ ನಿಂತೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಕೂಡ ಹೊಸ ಪುಸ್ತಕ ಇಡುತ್ತದೆಯೇ ಹೊರತು ಹೊಲ ಉಳುವುದಿಲ್ಲ. ಪೆನ್‌ಡ್ರೈವನ್ನು ಇನ್ನೊಬ್ಬರಿಗೆ ಕೊಡುವಾಗ, ಅದರಲ್ಲೂ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳು ಇದ್ದದ್ದಾದರೆ, ‘ಕ್ವಿಕ್’ ಎಂಬುದರ ಮುಂದಿನ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಬೇಕು. ವಿಂಡೋಸ್ ವಿಸ್ಟಾದ ಕಾಲದಿಂದ ಅದು ಉದ್ದಕ್ಕೂ ಸೊನ್ನೆ ಬರೆಯುತ್ತಾ ಹೋಗುತ್ತದೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಪೆನ್‌ಡ್ರೈವಿನಿಂದ ಡಿಲೀಟ್ ಮಾಡಿದ್ದು ವಿಂಡೋಸಿನಲ್ಲಿ ಸಾಮಾನ್ಯವಾಗಿ ರಿಸೈಕಲ್ ಬಿನ್ನಿಗೆ ಹೋಗುವುದಿಲ್ಲ ಎಂಬುದೂ ನೆನಪಿರಲಿ. ಹಾಗೆ ಅಳಿಸಿ ಹಣೆ ಚಚ್ಚಿಕೊಂಡವರಿಗೂ ಇದೇ ಸರ್ವೆ ಉಪಾಯವೇ ಗತಿ, ಮತ್ತೇನನ್ನೂ ಅದರ ಮೇಲೆ ಬರೆಯದಿದ್ದರೆ.

ಫಾರ್ಮ್ಯಾಟ್ ಕೇಳುವುದಕ್ಕಿಂತಲೂ ನಮ್ಮ ಊರುಗಳಲ್ಲಿ ಜನರನ್ನು ಹೆಚ್ಚು ಅಳಿಸಿದ್ದು ಶಾರ್ಟ್‌ಕಟ್ ವೈರಸ್. ಡಿಟಿಪಿ ಅಂಗಡಿಗೆ ಲಗ್ನಪತ್ರಿಕೆಯದೋ ಜಾತಕದ್ದೋ ಪ್ರಿಂಟಿಗೆ ಹೋಗಿ ಬಂದು ಮನೆಯಲ್ಲಿ ಹಾಕಿದರೆ ಫೋಲ್ಡರುಗಳೆಲ್ಲ ಮಾಯ. ಅವುಗಳ ಜಾಗದಲ್ಲಿ ಬಾಣದ ಗುರುತಿನ ಒಂದೊಂದು ಶಾರ್ಟ್‌ಕಟ್. ಇದು ಬರೀ ಕಣ್ಕಟ್ಟು. ಹುಳ ನಿಮ್ಮ ಫೈಲುಗಳನ್ನು ತಿಂದಿಲ್ಲ, ‘ಅಡಗಿಸಿದ್ದು’, ‘ಸಿಸ್ಟಮ್ಮಿನದು’ ಎಂಬ ಎರಡು ಹಣೆಪಟ್ಟಿ ಹಚ್ಚಿ ಮರೆಮಾಡಿದೆ. ನೀವು ಬಾಣದ ಮೇಲೆ ಕ್ಲಿಕ್ ಮಾಡಿದಾಗ ಮೊದಲು ಅದು ಓಡಿ ಕಂಪ್ಯೂಟರಿಗೆ ಹತ್ತುತ್ತದೆ, ಆಮೇಲೆ ನಿಜವಾದ ಫೋಲ್ಡರ್ ತೋರಿಸುತ್ತದೆ. ಬೇಕಾದ್ದು ತೆರೆಯಿತಲ್ಲ ಎಂದು ನಾವು ನಿಶ್ಚಿಂತೆ. ಹಾಗಾಗಿ ಬಾಣ ಕಂಡರೆ ಕ್ಲಿಕ್ ಮಾಡಬಾರದು, ಜಾಗ ಖಾಲಿ ಎಂದು ಫಾರ್ಮ್ಯಾಟನ್ನೂ ಮಾಡಬಾರದು. ಆ್ಯಂಟಿವೈರಸ್‌ನಿಂದ ಸ್ಕ್ಯಾನ್ ಮಾಡಿಸಿ, ಎಕ್ಸ್‌ಪ್ಲೋರರಿನ ‘ವ್ಯೂ’ದಲ್ಲಿ ಅಡಗಿದ ಫೈಲುಗಳನ್ನು ತೋರಿಸು ಎನ್ನಬೇಕು. ಅಷ್ಟಕ್ಕೂ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸಿನಲ್ಲಿ ‘ಸಿಸ್ಟಮ್ ಫೈಲುಗಳನ್ನು ಅಡಗಿಸು’ ಎಂಬುದರ ಗುರುತು ತೆಗೆದರೆ ಎಲ್ಲವೂ ಮಸುಕಾಗಿ ಎದ್ದು ಬರುತ್ತವೆ. ಹಣೆಪಟ್ಟಿ ಕೀಳುವ ‘ಅಟ್ರಿಬ್’ ಎಂಬ ಹಳೆಯ ಆಜ್ಞೆ ಡಿಟಿಪಿ ಹುಡುಗರಿಗೆ ಬಾಯಿಪಾಠ. ಗಾಯತ್ರಿ ಮಂತ್ರಕ್ಕಿಂತ ಚೆನ್ನಾಗಿ ಬರುತ್ತದೆ ಕೆಲವರಿಗೆ.

ಇಂಟರ್‌ನೆಟ್ಟೇ ಇಲ್ಲದ ಯಂತ್ರಕ್ಕೂ ಪೆನ್‌ಡ್ರೈವ್ ಹುಳವನ್ನು ಹೊತ್ತೊಯ್ಯಬಲ್ಲದು ಎಂಬುದನ್ನು ಜಗತ್ತು ಕಂಡದ್ದು 2010ರಲ್ಲಿ. ಇರಾನಿನ ನತಾಂಜ್ ಅಣು ಘಟಕದ ಯಂತ್ರಗಳನ್ನು ಕೆಡಿಸಿದ ಸ್ಟಕ್ಸ್‌ನೆಟ್ ಹರಡಲು ಬಳಸಿದ ದಾರಿಗಳಲ್ಲಿ ಇದೂ ಒಂದು. ಅದೂ ಶಾರ್ಟ್‌ಕಟ್ ಫೈಲಿನ ಒಂದು ದೋಷವನ್ನೇ ಹಿಡಿದು ನುಗ್ಗಿತ್ತು. ‘ಪೆನ್‌ಡ್ರೈವ್ ಬೇಡ ಸಾರ್, ವಾಟ್ಸ್‌ಆ್ಯಪ್ ಮಾಡಿ’ ಎಂದು ಗಲ್ಲಿಯ ಜೆರಾಕ್ಸ್ ಅಂಗಡಿಯವರು ಮುಖ ಗಂಟಿಕ್ಕಿದರೆ ನಾನಂತೂ ಬೇಸರ ಮಾಡಿಕೊಳ್ಳುವುದಿಲ್ಲ.

ಡಿಟಿಪಿಯ ಇನ್ನೊಂದು ಗೋಳು ವೈರಸ್ಸಿನದಲ್ಲ, ಅಕ್ಷರದ್ದು. ಮನೆಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ ಪತ್ರ ಅಂಗಡಿಯಲ್ಲಿ ತೆರೆದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಗುರುತು. ಪೆನ್‌ಡ್ರೈವ್ ಕೆಟ್ಟಿಲ್ಲ, ಫೈಲೂ ಕೆಟ್ಟಿಲ್ಲ. ಫೈಲು ಪ್ರಯಾಣ ಮಾಡಿತು, ಫಾಂಟ್ ಮನೆಯಲ್ಲೇ ಉಳಿಯಿತು. ಪಿಡಿಎಫ್ ಮಾಡಿ ಒಯ್ದರೆ ಫಾಂಟೂ ಅದರೊಳಗೇ ಕೂತು ಬರುತ್ತದೆ.

ಇನ್ನು ಜಾಗದ ಜಗಳ. 32 ಜಿಬಿ ಎಂದು ಕೊಂಡದ್ದು ಕಂಪ್ಯೂಟರಿನಲ್ಲಿ 29.8 ತೋರಿಸುತ್ತದೆ, ಅಂಗಡಿಯವನು ಮೋಸ ಮಾಡಿದ ಎಂದು ಗೊಣಗುತ್ತೇವೆ. ಮೋಸವಿಲ್ಲ. ಮಾರುವವರ ಸೇರು ಸಾವಿರದ್ದು, ವಿಂಡೋಸಿನ ಸೇರು 1024ರದ್ದು. ಅದೇ ಅಕ್ಕಿ, ಅಳತೆ ಬೇರೆ. ನಿಜವಾದ ಮೋಸ ಬೇರೆಯಿದೆ. ಕೆಲವು ನೂರು ರೂಪಾಯಿಗೆ ‘2 ಟಿಬಿ’ ಎಂದು ಮಾರುವ ಪೆನ್‌ಡ್ರೈವುಗಳಲ್ಲಿ ಮೇಸ್ತ್ರಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಒಳಗಿರುವುದು 8 ಅಥವಾ 16 ಜಿಬಿ. ಆ ಗೆರೆ ದಾಟಿದ ಮೇಲೆ ಹೊಸ ಫೈಲು ಹಳೆಯದರ ಮೇಲೆ ಕೂರುತ್ತದೆ, ಇಲ್ಲವೇ ಎಲ್ಲಿಗೋ ಹೋಗುತ್ತದೆ. ಹೆಸರುಗಳೆಲ್ಲ ಕಾಣುತ್ತವೆ, ತೆರೆದರೆ ಏನೂ ಇಲ್ಲ. ಪೂರ್ತಿ ತುಂಬಿ, ತುಂಬಿದ್ದನ್ನು ಮತ್ತೆ ಓದಿ ತಾಳೆ ನೋಡುವ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಉಪಕರಣ ಇದನ್ನು ಹಿಡಿದುಕೊಡುತ್ತದೆ. ಕೊಂಡ ದಿನವೇ ಮಾಡುವುದು ಒಳ್ಳೆಯದು, ಹಿಂತಿರುಗಿಸುವ ಅವಧಿ ಮುಗಿಯುವ ಮೊದಲು.

ಜಾಗ ಧಾರಾಳವಾಗಿದ್ದರೂ ಮದುವೆ ವಿಡಿಯೊ ಹೋಗುತ್ತಿಲ್ಲ ಎನ್ನುವವರದು ದಾಖಲೆ ಪುಸ್ತಕದ ಮಾದರಿಯ ತೊಂದರೆ. ಫ್ಯಾಟ್32 ಎಂಬ ಹಳೆಯ ಮಾದರಿಯಲ್ಲಿ ಫೈಲಿನ ಗಾತ್ರ ಬರೆಯುವ ಕಾಲಮ್ಮು ಕಿರಿದು, 4 ಜಿಬಿಗಿಂತ ದೊಡ್ಡ ಅಂಕಿ ಅಲ್ಲಿ ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟಿಗೆ ಬದಲಿಸಿದರೆ ಆ ತೊಂದರೆ ತೀರಿತು. ಆದರೆ ಕಾರಿನ, ಟ್ರ್ಯಾಕ್ಟರಿನ ಸ್ಟೀರಿಯೊಗಳಲ್ಲಿ ಹಲವು ಇನ್ನೂ ಫ್ಯಾಟ್32 ಬಿಟ್ಟು ಬೇರೆ ಲಿಪಿ ಓದಲಾರವು. ಹಾಡಿಗೊಂದು, ವಿಡಿಯೊಗೊಂದು ಇಟ್ಟುಕೊಳ್ಳುವುದೇ ಸುಲಭ. ಇಲ್ಲೂ ನಮ್ಮ ಪ್ಲಮರ್ ಮಹಾಶಯರ ಕೈವಾಡವಿದೆ. 32 ಜಿಬಿಗಿಂತ ದೊಡ್ಡ ಡ್ರೈವಿಗೆ ಆ ಫಾರ್ಮ್ಯಾಟ್ ಪೆಟ್ಟಿಗೆ ಫ್ಯಾಟ್32 ಆಯ್ಕೆಯನ್ನೇ ತೋರಿಸದಿದ್ದುದಕ್ಕೆ ಕಾರಣ, ಅಂದು ಅವರು ಆಯ್ದುಕೊಂಡ ಒಂದು ಮಿತಿ.

ಪೆನ್‌ಡ್ರೈವ್ ಚೀಲವೇ ಹೊರತು ಕಣಜವಲ್ಲ ಎಂದು ಮಾವನಿಗೆ ಹೇಳಿದೆ. ಮೊದಮೊದಲ ಕೋಶಗಳಲ್ಲಿ ಗೂಡು ತುಂಬಿದೆಯೋ ಖಾಲಿಯೋ ಎಂಬ ಎರಡೇ ಲೆಕ್ಕವಿತ್ತು, ಒಂದೊಂದು ಕೋಶ ಲಕ್ಷ ಸಲ ಒರೆಸಿದರೂ ತಾಳುತ್ತಿತ್ತು. ಈಗಿನ ಅಗ್ಗದವುಗಳಲ್ಲಿ ಒಂದೇ ಪಾತ್ರೆಯಲ್ಲಿ ಎಂಟು ಮಟ್ಟ ಗುರುತಿಸಿ ಮೂರು ಬಿಟ್ ತುಂಬುತ್ತಾರೆ. ಚಟಾಕಿನಷ್ಟು ಸೋರಿದರೂ ಲೆಕ್ಕ ತಪ್ಪುತ್ತದೆ. ಬಾಳಿಕೆಯೂ ಸಾವಿರ ಸಲದ ಆಸುಪಾಸಿಗೆ ಇಳಿದಿದೆ. ಬಿಸಿಯಲ್ಲಿ ಸೋರಿಕೆ ಜೋರು, ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟದ್ದಕ್ಕೆ ಆಯುಷ್ಯ ಕಮ್ಮಿ. ಒಂದು ದಿನ ಅದು ‘ರೈಟ್ ಪ್ರೊಟೆಕ್ಟೆಡ್’ ಎನ್ನಬಹುದು. ಪಕ್ಕದಲ್ಲಿ ಬೀಗದ ಸ್ವಿಚ್ಚೇನೂ ಇಲ್ಲದೆ ಹಾಗೆಂದರೆ ಮೇಸ್ತ್ರಿ ಕೈಚೆಲ್ಲಿರುವ ಸಾಧ್ಯತೆಯೇ ಹೆಚ್ಚು: ಇನ್ನು ಬರೆಯಲಾರೆ, ಇರುವುದನ್ನು ಓದಿಕೊಂಡು ಹೋಗಿ ಎಂದು. ಆ ಬೀಗ ಮುರಿಯುವ ನೂರೆಂಟು ಉಪಾಯಗಳಿಗೆ ಹೊತ್ತು ಕಳೆಯದೆ ಅಂದೇ ನಕಲು ಮಾಡಿಕೊಳ್ಳಬೇಕು.

ಷಷ್ಟ್ಯಬ್ದಿಯ ಫೋಟೊಗಳನ್ನು ಕಂಪ್ಯೂಟರಿಗೆ, ಮಗಳ ಲ್ಯಾಪ್‌ಟಾಪಿಗೆ, ಒಂದು ಹೊಸ ಹಾರ್ಡ್ ಡಿಸ್ಕಿಗೆ ಹಾಕಿಕೊಟ್ಟೆ. ನಾಮಕರಣದ ಫೋಟೊಗಳನ್ನು ಏನು ಮಾಡುವುದೆಂದು ಚರ್ಚೆಯಾಯಿತು. ಸ್ಟುಡಿಯೊಗೆ ಫೋನ್ ಮಾಡಿದರೆ ಮೂರು ವರ್ಷ ಹಿಂದಿನದು, ಯಾರದೋ ನೆನಪಿಲ್ಲ ಎಂದರು. “ಪಾಪ, ಆ ಕೂಸು ಈಗ ಎಲ್‌ಕೆಜಿಗೆ ಹೋಗ್ತಿರುತ್ತೆ” ಎಂದು ಅತ್ತೆ ಇನ್ನೊಮ್ಮೆ ನೋಡಿ, ಅಳಿಸು ಎಂದರು. ಅಳಿಸಿದೆ. ಪೆನ್‌ಡ್ರೈವನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ, ಫ್ಯಾಟ್32 ಇಟ್ಟು, ದಾಸರ ಪದಗಳನ್ನು ತುಂಬಿ ಮಾವನ ಹಳೆಯ ಕಾರಿಗೆ ಸಿಕ್ಕಿಸಿದೆವು. ಅದರ ಸ್ಟೀರಿಯೊಗೆ ಕನ್ನಡ ಬರುವುದಿಲ್ಲ, ಹಾಡಿನ ಹೆಸರುಗಳ ಜಾಗದಲ್ಲಿ ಸಾಲಾಗಿ ಚೌಕಗಳು. ಮುಂದಿನದು ಯಾವ ಪದ ಎಂದು ದನಿ ಬರುವ ತನಕ ತಿಳಿಯುವುದಿಲ್ಲ. ಮಾವ ಈಗ ಅದನ್ನೇ ಆಟ ಮಾಡಿಕೊಂಡಿದ್ದಾರೆ, ತಂಬೂರಿ ಶ್ರುತಿ ಶುರುವಾದ ಕೂಡಲೇ ಊಹಿಸುತ್ತಾರೆ. ಹೆಚ್ಚಿನ ಸಲ ಅತ್ತೆಯೇ ಗೆಲ್ಲುವುದು.